ಗಾಜಿನ ಕೋಣೆಯ ಕಿವಿ

ಗಾಂಗ್‌ಶಾನ್ ಪಟ್ಟಣದ ರೈಲು ನಿಲ್ದಾಣದ ಹಿಂದಿನ ರಸ್ತೆಗಳಲ್ಲಿ ಸ್ಕ್ರೂ ಮಾಡುವ ಕಾರ್ಖಾನೆಗಳು ಎಷ್ಟಿವೆಯೆಂದು ಅಲ್ಲಿಯವರೇ ಲೆಕ್ಕ ಇಟ್ಟಿಲ್ಲ. ಮುಂದೆ ಕಾರ್ಖಾನೆ, ಹಿಂದೆ ಮನೆ, ನಡುವೆ ದೇವರಗೂಡು. ಬೆಳಿಗ್ಗೆ ಏಳಕ್ಕೆ ಶುರುವಾದ ಧಡ್ ಧಡ್ ಸದ್ದು ಸಂಜೆಯವರೆಗೆ ನಿಲ್ಲುವುದಿಲ್ಲ. ಆ ಸದ್ದಿನಲ್ಲೇ ಮಕ್ಕಳು ಓದುತ್ತವೆ, ಮುದುಕರು ನಿದ್ದೆ ಮಾಡುತ್ತಾರೆ, ಹೊಸ ಸೊಸೆಯರು ತಿಂಗಳೊಪ್ಪತ್ತು ಅತ್ತು ಆಮೇಲೆ ಸುಮ್ಮನಾಗುತ್ತಾರೆ.

ಅಂಥದೊಂದು ಕಾರ್ಖಾನೆಯಲ್ಲಿ ಸ್ಯೂ-ಲುವಾನ್ ಇಪ್ಪತ್ತೊಂಬತ್ತು ವರ್ಷದಿಂದ ಇದ್ದಳು. ಹದಿನೆಂಟು ಮಷೀನುಗಳ ಸಾಲು ಅವಳ ಸುಪರ್ದಿ. ಒಂದು ಕಡೆಯಿಂದ ತಂತಿ ಒಳಗೆ ಹೋಗುತ್ತದೆ, ಅಚ್ಚು ಬಂದು ಗುದ್ದುತ್ತದೆ, ಇನ್ನೊಂದು ಕಡೆ ತಲೆ ಮೂಡಿದ ಸ್ಕ್ರೂ ಬೀಳುತ್ತದೆ, ನಿಮಿಷಕ್ಕೆ ಇನ್ನೂರು. ಅಚ್ಚು ಸವೆದರೆ ಸ್ಕ್ರೂವಿನ ತಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಲುವಾನ್ ಸಾಲಿನ ನಡುವೆ ನಡೆಯುತ್ತ, ಒಂದು ಮಷೀನಿನ ಮೇಲೆ ಕೈಯೂರಿ ತಲೆ ಓರೆ ಮಾಡಿ ನಿಂತು, "ಇದನ್ನ ನಿಲ್ಸಿ, ಅಚ್ಚು ಹೋಗ್ತಾ ಇದೆ" ಎಂದರೆ ಅದು ನಿಜಕ್ಕೂ ಸವೆಯುತ್ತಲೇ ಇರುತ್ತಿತ್ತು. ಹೀಗೆ ಅವಳಿಗೆ 'ಕಿವಿಯಕ್ಕ' ಎಂಬ ಹೆಸರು ಬಿತ್ತು. ಅಕ್ಕಪಕ್ಕದ ಕಾರ್ಖಾನೆಯವರೂ ಕಷ್ಟ ಬಂದಾಗ, "ಕಿವಿಯಕ್ಕನ್ನ ಒಂದು ಗಳಿಗೆ ಕಳಿಸಿ ಮಾರಾಯ್ರೇ" ಎಂದು ಕೇಳಿಕೊಂಡು ಬರುತ್ತಿದ್ದರು.

ಈಗ ನಿಜ ಹೇಳಿಬಿಡುತ್ತೇನೆ. ಕಿವಿಯಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಮೊದಲು ಎಡಗಿವಿ ಹೋಯಿತು, ಅದರ ಬೆನ್ನಿಗೇ ಬಲಗಿವಿಯೂ. ಅಷ್ಟು ವರ್ಷ ಆ ಗದ್ದಲದಲ್ಲಿ ನಿಂತರೆ ಹೋಗದೆ ಇನ್ನೇನು? ಕಿವಿಗೆ ತುರುಕಿಕೊಳ್ಳಲು ಕೊಟ್ಟ ಬೆಂಡನ್ನು ಅವಳು ಹಾಕಿಕೊಂಡರೆ ಮಷೀನಿನ ಮಾತು ಕೇಳುವುದು ಹೇಗೆ? ಕೇಳುವ ಕೆಲಸಕ್ಕೆಂದೇ ಕಿವಿ ತೆರೆದಿಟ್ಟುಕೊಂಡು ಕಿವಿಯನ್ನೇ ಕಳೆದುಕೊಂಡಳು. ಆದರೆ ಕಿವಿ ಹೋಗುವ ಹೊತ್ತಿಗೆ ಅಂಗೈ ಕಲಿತುಬಿಟ್ಟಿತ್ತು. ಮಷೀನಿನ ಮೈಮೇಲೆ ಕೈಯಿಟ್ಟರೆ ಸಾಕು, ಅಚ್ಚಿನ ನೋವು ಅವಳ ಮೊಣಕೈವರೆಗೆ ಹತ್ತಿ ಬರುತ್ತಿತ್ತು. ತಲೆ ಓರೆ ಮಾಡುವುದು ಬರೀ ನೋಡುವವರಿಗಾಗಿ.

ಯಾರಿಗೂ ಹೇಳಲಿಲ್ಲ. ಕಿವಿ ಮಂದವಾದವರನ್ನು ಮಷೀನುಗಳ ಬಳಿ ಬಿಡುವುದಿಲ್ಲ, ಪೆಟ್ಟಿಗೆ ಕಟ್ಟುವ ಕಡೆಗೆ ಕಳಿಸುತ್ತಾರೆ, ಅಲ್ಲಿಂದ ಮನೆಗೆ. ಕಿವಿ ಹೋಗುವ ಹೊತ್ತಿಗೇ ಗಂಡ ತೀರಿ ಆರು ವರ್ಷವಾಗಿತ್ತು. ಮನೆಯೆಂದರೆ ಅವಳಿಗೆ ಒಂದು ಹಾಸಿಗೆ, ಒಂದು ಅನ್ನ ಬೇಯಿಸುವ ಕುಕ್ಕರು. ಬದುಕು ಇದ್ದದ್ದು ಆ ಹದಿನೆಂಟು ಮಷೀನುಗಳ ಸಾಲಿನಲ್ಲಿ. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳು. ಊರೆಲ್ಲ ಬಾಯಿಗೆ ಮಾಸ್ಕು ಕಟ್ಟಿಕೊಂಡ ಎರಡು ವರ್ಷ ಮಾತ್ರ ಅವಳಿಗೆ ನರಕ. "ಈ ಗಲಾಟೇಲಿ ಏನೂ ಕೇಳಲ್ಲ, ಬರ್ದು ಕೊಡಿ" ಎಂದು ಮಷೀನುಗಳ ಮೇಲೆ ಹಾಕಿ ಪಾರಾದಳು. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಯ ಗಾಡಿ ಬರುತ್ತಿತ್ತು. ಒಳಗೆ ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಿ ಎನ್ನುತ್ತಿದ್ದರು. ಲುವಾನ್ ಕಿಟಕಿಯಾಚೆ ಗುಂಡಿ ಒತ್ತುವ ಹುಡುಗಿಯ ಭುಜವನ್ನೇ ನೋಡುತ್ತಿದ್ದಳು. ಭುಜ ಅಲುಗಿದರೆ ಬೆರಳು ಮೇಲೆ. ಹನ್ನೊಂದು ವರ್ಷವೂ 'ಶ್ರವಣ ಸಾಮಾನ್ಯ' ಎಂಬ ಕಾಗದ ಬಂತು, ಹನ್ನೊಂದಕ್ಕೂ ಅವಳದೇ ರುಜು.

ಅವಳ ಗುಟ್ಟು ಗೊತ್ತಿದ್ದದ್ದು ಒಬ್ಬಳಿಗೇ, ಏಳನೇ ಮಷೀನಿನ ಥೋವಾ ಎಂಬ ವಿಯೆಟ್ನಾಮಿನ ಹೆಂಗಸಿಗೆ, ಅದೂ ಅವಳು ತಾನಾಗಿಯೇ ಕಂಡುಕೊಂಡದ್ದು. ಹಿಂದಿನಿಂದ ಯಾರಾದರೂ ಕರೆದರೆ ಥೋವಾ ಬಂದು ಲುವಾನಳ ಸೊಂಟ ಚಿವುಟುತ್ತಿದ್ದಳು.

"ಇವತ್ತು ಮೂರು ಸಲ ಚಿವುಟಿದೀನಿ ಅಕ್ಕ. ಹಬ್ಬಕ್ಕೆ ಒಂದು ಕುರಿಮಾಂಸದ ಊಟ ಕೊಡಿಸ್ಬೇಕು."

"ಸೊಂಟ ನನ್ದು ನೋಯ್ತಿರೋದು. ಊಟ ನಿಂಗ್ಯಾಕೆ?" ಎನ್ನುತ್ತಿದ್ದಳು ಲುವಾನ್.

ಹಳೇ ಯಜಮಾನರು ಹೋದ ಮೇಲೆ ಮಗಳು ಹ್ವೇಪಿನ್ ಗಾದಿಗೆ ಬಂದಳು. ಚಿಕ್ಕವಳಿದ್ದಾಗ ಸ್ಕ್ರೂ ಪೆಟ್ಟಿಗೆಗಳ ನಡುವೆ ಆಡುತ್ತ, ಲುವಾನಳ ಊಟದ ಡಬ್ಬಿಯಿಂದಲೇ ಅರ್ಧ ತಿಂದು ಬೆಳೆದ ಹುಡುಗಿ. ಈಗಲೂ ಅವಳಿಗೆ ಲುವಾನ್ ಎಂದರೆ ಚಿಕ್ಕಮ್ಮ. ಓದಿಕೊಂಡು ಬಂದಿದ್ದಳು, ತಲೆ ಚುರುಕು. ಮಷೀನಿನ ಸದ್ದು ಕೇಳಿ ತಾನೇ ತಪ್ಪು ಹಿಡಿಯುವ ಯಂತ್ರವೊಂದನ್ನು ಕೂರಿಸಬೇಕೆಂದು ಹೊರಟಳು. ಅದಕ್ಕಾಗಿ ಸಿಂಚು ನಗರದಿಂದ ಯೆನ್‌ಶೋ ಎಂಬ ಎಂಜಿನಿಯರನ್ನು ಕರೆಸಿದಳು. ಮೂವತ್ತೈದರ ಗಂಡಸು, ಬಂದ ದಿನವೇ ಮಷೀನುಗಳ ಮೇಲಿಟ್ಟಿದ್ದ ಹಸಿರು ಕುರುಕಲು ಪೊಟ್ಟಣಗಳನ್ನು ತೆಗೆಸಲು ಹೋಗಿ ಹದಿನೆಂಟು ಜನರಿಂದ ಬೈಸಿಕೊಂಡ. ಮಷೀನು ಹಠ ಮಾಡದೆ ಹೇಳಿದ ಮಾತು ಕೇಳಲಿ ಎಂದು ಹರಕೆಯಂತೆ ಇಟ್ಟ ಪೊಟ್ಟಣ ಅದು, ಯಾರಾದರೂ ಮುಟ್ಟುತ್ತಾರೆಯೆ? ಮಾರನೇ ದಿನ ತನ್ನ ಕಂಪ್ಯೂಟರಿನ ಮೇಲೂ ಒಂದು ಇಟ್ಟುಕೊಂಡ.

"ಯಂತ್ರಕ್ಕೆ ಏನೂ ಗೊತ್ತಿಲ್ಲ ಚಿಕ್ಕಮ್ಮ, ನೀವೇ ಕಲಿಸ್ಬೇಕು" ಎಂದಳು ಹ್ವೇಪಿನ್. "ಇಷ್ಟು ವರ್ಷ ನಿಂತಿದ್ದು ಸಾಕು. ಇನ್ಮೇಲೆ ಕೂತ್ಕೊಂಡು ಕೆಲ್ಸ."

ಮಹಡಿಯ ಮೇಲೊಂದು ಗಾಜಿನ ಕೋಣೆ ಎದ್ದಿತು. ಹೊರಗಿನ ಸದ್ದು ಒಳಗೆ ಬಾರದಂತೆ ಎರಡು ಪದರದ ಗಾಜು, ಮೆತ್ತನೆ ಕುರ್ಚಿ, ತಣ್ಣನೆ ಗಾಳಿ. ಸಂಬಳವೂ ಏರಿತು. ಕೆಲಸವೆಂದರೆ ಹೆಡ್‌ಫೋನ್ ಹಾಕಿಕೊಂಡು ಮಷೀನುಗಳ ಸದ್ದಿನ ತುಣುಕುಗಳನ್ನು ಕೇಳುವುದು, ಒಳ್ಳೆಯದಾದರೆ ಹಸಿರು ಗುಂಡಿ, ಕೆಟ್ಟದ್ದಾದರೆ ಕೆಂಪು. ದಿನಕ್ಕೆ ಇನ್ನೂರು ತುಣುಕು.

ಕೈಯಿಡಲು ಅಲ್ಲಿ ಮಷೀನಿರಲಿಲ್ಲ.

ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡು ಲುವಾನ್ ಕಾದಳು. ಏನೂ ಇಲ್ಲ. ಪರದೆಯ ಮೇಲೆ 'ಕೇಳುತ್ತಿದೆ' ಎಂಬ ಅಕ್ಷರ ಮಾತ್ರ ಮಿನುಗುತ್ತಿತ್ತು. ಹೆಡ್‌ಫೋನನ್ನು ಬೆರಳಿನಿಂದ ಒತ್ತಿ ಹಿಡಿದಳು, ಕೆನ್ನೆಮೂಳೆಗೆ ಜಾರಿಸಿ ನೋಡಿದಳು, ಏನಾದರೂ ನಡುಕ ಸಿಕ್ಕೀತೆಂದು. ಕೆಳಗೆ ಹದಿನೆಂಟು ಮಷೀನುಗಳ ನಡುವೆ ಇದ್ದಾಗ ಅವಳಿಗೆ ತಾನು ಕಿವುಡಿಯೆಂದು ಒಮ್ಮೆಯೂ ಅನಿಸಿರಲಿಲ್ಲ. ಈ ಕುರ್ಚಿಯಲ್ಲಿ ಕೂತ ಮೇಲೆ ಅನಿಸಿತು. ಗಾಜಿನಾಚೆ ಯೆನ್‌ಶೋ ಹೆಬ್ಬೆರಳೆತ್ತಿ ನಗುತ್ತಿದ್ದ. ಅವಳೂ ನಕ್ಕು ಹಸಿರು ಗುಂಡಿ ಒತ್ತಿದಳು.

ಅಂದಿನಿಂದ ಊಹೆಯೇ ಊಟ. ನಾಲ್ಕು ಹಸಿರಿಗೆ ಒಂದು ಕೆಂಪು, ಒಮ್ಮೊಮ್ಮೆ ಆರಕ್ಕೆ ಒಂದು. ಅನುಮಾನ ಬಾರದಿರಲಿ ಎಂದು ಕೆಲವಕ್ಕೆ ಸುಮ್ಮನೆ ಹುಬ್ಬು ಗಂಟಿಕ್ಕಿ ತಡಮಾಡುವುದು. ಸಂಜೆಗೆ ಮೈಯೆಲ್ಲ ಬೆವರು, ಆ ತಣ್ಣನೆ ಕೋಣೆಯಲ್ಲಿ. ಕೆಳಗೆ ಹೋಗಲು ಕೇಳಿದರೆ ಏಕೆಂದು ಹೇಳಬೇಕು. ಹೇಳಿದರೆ ಕೆಳಗೂ ಇಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದಳು.

ಒಂದೆರಡು ಸಲ ದಾರಿ ಹುಡುಕಿದಳು. "ಕೂತೂ ಕೂತೂ ಸೊಂಟ ಹಿಡ್ಕೊಂಡಿದೆ ಪಿನ್, ದಿನಾ ಒಂದು ಗಂಟೆ ಕೆಳಗೆ ಓಡಾಡ್ಲಾ?" ಎಂದಳು. ಮರುದಿನ ಇನ್ನೂ ಒಳ್ಳೆಯ ಕುರ್ಚಿ ಬಂತು. "ನನ್ಗಿಂತ ಥೋವಾ ಚೆನ್ನಾಗಿ ಕೇಳಿಸ್ಕೋತಾಳೆ, ಅವಳನ್ನ ಕೂರ್ಸು" ಎಂದಳು. "ನಿಮ್ಮ ಈ ಸಂಕೋಚ ಯಾವತ್ತು ಹೋಗುತ್ತೋ" ಎಂದು ಹ್ವೇಪಿನ್ ಬೆನ್ನು ತಟ್ಟಿದಳು. ಮಾರ್ಚಿನಲ್ಲಿ ಪರದೇಶದ ಖರೀದಿದಾರರು ಬರುವವರಿದ್ದರು. ಅವರಿಗೆಂದು ಅಚ್ಚು ಹಾಕಿಸಿದ ಪುಸ್ತಕದಲ್ಲಿ 'ಯಂತ್ರಕ್ಕೆ ಕಲಿಸುವ ಕಿವಿ' ಎಂದು ಲುವಾನಳ ಫೋಟೋ ಒಂದು ಪುಟವನ್ನೇ ನುಂಗಿತ್ತು.

ಆರನೇ ವಾರ, ಊಟದ ಬಿಡುವಿನಲ್ಲಿ ಥೋವಾ ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ ಮುಷ್ಟಿ ತೆರೆದಳು. ಹತ್ತಾರು ಸ್ಕ್ರೂಗಳು, ತಲೆಯಲ್ಲಿ ಬಿರುಕು. ಈ ಸಲದ್ದು ಬರಿಗಣ್ಣಿಗೇ ಕಾಣುತ್ತಿತ್ತು.

"ಏಳನೇದ್ರದ್ದು ಅಕ್ಕ. ಅದಕ್ಕೆ ಕೂರ್ಸಿರೋ ಹೊಸ ಯಂತ್ರ ಹಸಿರು ತೋರಿಸ್ತಾನೇ ಇದೆ. ನಾನು ನಿಲ್ಸೋ ಹೊತ್ಗೆ ಎರಡು ಪೆಟ್ಟಿಗೆ ತುಂಬಿತ್ತು."

"ಯಾವ ಮಾಲು?"

"ಆಸ್ಪತ್ರೆ ಮಂಚದ್ದು."

ಲುವಾನ್ ಒಂದು ಸ್ಕ್ರೂ ತೆಗೆದುಕೊಂಡು ಉಗುರಿನಿಂದ ಬಿರುಕನ್ನು ಕೆರೆದಳು. ತಾನು ಒತ್ತಿದ ಹಸಿರುಗಳಲ್ಲಿ ಇದು ಯಾವುದೋ? ಯಂತ್ರಕ್ಕೆ ಹಾಗೆ ಕಲಿಸಿದವಳು ತಾನೇ. ಮಂಚದ ಕಾಲು ಮುರಿದು ರೋಗಿಯೊಬ್ಬ ಬಿದ್ದದ್ದು ಕಣ್ಣೆದುರೇ ನಡೆದಂತಾಯಿತು. ನಾಚಿಕೆಗಿಂತ ಹೆದರಿಕೆ ದೊಡ್ಡದಾಯಿತು.

"ಹೇಳಿಬಿಡ್ತೀನಿ" ಎಂದಳು.

ಥೋವಾ ಅವಳ ತೋಳು ಹಿಡಿದಳು. "ತಲೆ ಕೆಟ್ಟಿದ್ಯಾ ಅಕ್ಕ? ಅಚ್ಚು ಬದಲಾಯಿಸ್ತಾರೆ, ಪೆಟ್ಟಿಗೆ ಎಸೀತಾರೆ, ಅಲ್ಲಿಗೆ ಮುಗೀತು. ನೀವು ಯಾಕೆ ಹೋಗಿ ಬೀಳ್ತೀರಾ?"

"ಇವತ್ತು ನೀನು ನೋಡ್ದೆ. ನಾಳೆ?" ಎಂದು ಲುವಾನ್ ಕೈ ಬಿಡಿಸಿಕೊಂಡು ಆಫೀಸಿಗೆ ನಡೆದಳು.

ಹ್ವೇಪಿನ್ ಚಹಾ ಸುರಿಯುತ್ತಿದ್ದಳು. ಲುವಾನ್ ಸ್ಕ್ರೂಗಳನ್ನು ಮೇಜಿನ ಮೇಲೆ ಹರಡಿ, ನಿಂತೇ ಹೇಳಿದಳು. ಕಿವಿ ಹೋದದ್ದು, ಅಂಗೈ, ಪರೀಕ್ಷೆಯ ಗಾಡಿ, ಆ ಹುಡುಗಿಯ ಭುಜ, ಈ ಆರು ವಾರದ ಊಹೆ. ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಹ್ವೇಪಿನ್ ಮುಖ ಕದಲಲಿಲ್ಲ. ನಂಬಲಿಲ್ಲವೇನೋ ಎಂದುಕೊಂಡ ಲುವಾನ್ ಗೋಡೆಯ ಕಡೆ ತಿರುಗಿ ನಿಂತಳು.

"ನನ್ನ ಬೆನ್ನಹಿಂದೆ ಏನಾದ್ರೂ ಹೇಳು ಪಿನ್. ಏನು ಬೇಕಾದ್ರೂ ಹೇಳು, ಬೈದ್ರೂ ಸರಿ. ನಂಗೆ ಗೊತ್ತಾಗುತ್ತಾ ನೋಡು."

ಗೋಡೆಯ ಮೇಲೆ ಹಳೇ ಯಜಮಾನರ ಫೋಟೋ ಇತ್ತು. ಅದನ್ನೇ ನೋಡುತ್ತ ಅವಳು ಬಹಳ ಹೊತ್ತು ಕಾದಳು. ತಿರುಗಿದಾಗ ಹ್ವೇಪಿನ್ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ನಾನೇನೂ ಹೇಳ್ಲಿಲ್ಲ" ಎಂದಳು ತುಟಿಗಳನ್ನು ನಿಧಾನಕ್ಕೆ ಬಿಡಿಸುತ್ತ. ಆ ನಿಧಾನ ನೋಡಿಯೇ ಲುವಾನಳಿಗೆ ಅರ್ಥವಾಯಿತು. "ನಂಗೆ ಗೊತ್ತು ಚಿಕ್ಕಮ್ಮ. ಮೊದಲ್ನೇ ವಾರದಿಂದ ಗೊತ್ತು."

ಯೆನ್‌ಶೋ ಕೇಳುವವರು ತೂಕಡಿಸುತ್ತಿಲ್ಲವಷ್ಟೆ ಎಂದು ನೋಡಲು ದಿನವೂ ಇಪ್ಪತ್ತು ಖಾಲಿ ತುಣುಕುಗಳನ್ನು ಸೇರಿಸುತ್ತಿದ್ದನಂತೆ. ಅವುಗಳಲ್ಲಿ ಸದ್ದೇ ಇಲ್ಲ. ಲುವಾನ್ ಒಂದಕ್ಕೂ ಸದ್ದಿಲ್ಲವೆಂದು ಹೇಳಲಿಲ್ಲ, ಮೊದಲ ದಿನವೇ ಹದಿನಾರಕ್ಕೆ ಹಸಿರು, ನಾಲ್ಕಕ್ಕೆ ಕೆಂಪು ಒತ್ತಿದ್ದಳು.

"ಹಾಗಾದ್ರೆ ನಾನು ಒತ್ತಿದ್ದೆಲ್ಲ?"

"ಯಂತ್ರಕ್ಕೆ ಹಾಕಿಲ್ಲ. ಒಂದನ್ನೂ ಹಾಕಿಲ್ಲ. ಏಳನೇದು ಹಾಳಾಗಿದ್ದು ನಿಮ್ಮಿಂದ ಅಲ್ಲ, ಯಂತ್ರ ಇನ್ನೂ ಕಲ್ತಿಲ್ಲ ಅಷ್ಟೆ. ಆ ಪೆಟ್ಟಿಗೆಗಳು ಹೊರಗೆ ಹೋಗಲ್ಲ."

ರೋಗಿ ಬೀಳುವುದಿಲ್ಲ ಎಂದು ಲುವಾನಳಿಗೆ ಒಂದು ಕ್ಷಣ ಉಸಿರು ಹಗುರಾಯಿತು. ಆದರೆ ಆರು ವಾರ ಅವಳು ಒಂದೊಂದು ಗುಂಡಿಗೂ ಜೀವ ಹಿಂಡಿಕೊಂಡಿದ್ದಳು.

"ಮತ್ತೆ ಯಾಕೆ ಕೂರ್ಸಿದೀಯ ನನ್ನ?"

"ಮಾರ್ಚಲ್ಲಿ ಖರೀದಿದಾರರು ಬರ್ತಾರಲ್ಲ. ನಿಮ್ಮನ್ನ ನೋಡಬೇಕು ಅಂತಾರೆ."

"ನೋಡೋಕೆ ನಾನೇನು ಅಂಗಡಿ ಮುಂದಿನ ಗೊಂಬೇನಾ?"

ಹ್ವೇಪಿನ್ ಬಟ್ಟಲು ಕೆಳಗಿಟ್ಟು ಕಣ್ಣೊರೆಸಿಕೊಂಡಳು. ಆ ಕಣ್ಣೀರು ಸುಳ್ಳಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕಣ್ಣೀರು ಹಾಕುವವರು ಕೆಟ್ಟದ್ದು ಮಾಡುವುದಿಲ್ಲವೆಂದು ಯಾರು ಹೇಳಿದರು?

"ಸರಿ, ಆಯ್ತು" ಎಂದಳು ಲುವಾನ್. "ಅವ್ರು ಬಂದು ಹೋಗೋ ತನಕ ಕೂರ್ತೀನಿ. ಆಮೇಲೆ ಕೆಳಗೆ ಕಳ್ಸು. ಕೈಯಿಟ್ರೆ ನಂಗೆ ಈಗಲೂ ಗೊತ್ತಾಗುತ್ತೆ, ಏಳನೇದನ್ನ ನಾನಾಗಿದ್ರೆ ಬಿರುಕು ಬಿಡೋ ಮೊದ್ಲೇ ಹಿಡೀತಿದ್ದೆ. ಸಂಬಳ ಮೊದಲಿನಷ್ಟೇ ಸಾಕು."

"ಆಗಲ್ಲ ಚಿಕ್ಕಮ್ಮ."

"ಯಾಕಾಗಲ್ಲ?"

"ಕಿವಿ ಕೇಳಿಸದೋರನ್ನ ಮಷೀನ್ ಹತ್ರ ಬಿಡೋ ಹಾಗಿಲ್ಲ. ನಾಳೆ ಏನಾದ್ರೂ ಆದ್ರೆ, ಗೊತ್ತಿದ್ದೂ ಬಿಟ್ರಿ ಅಂತಾರೆ."

"ಇಷ್ಟು ದಿನವೂ ನಿಂಗೆ ಗೊತ್ತಿತ್ತಲ್ಲ."

"ನೀವು ಹೇಳಿರ್ಲಿಲ್ಲ. ಕೇಳಿದ್ರೆ ಗೊತ್ತಿಲ್ಲ ಅನ್ನಬಹುದಿತ್ತು." ಹ್ವೇಪಿನ್ ತಲೆ ತಗ್ಗಿಸಿದಳು. ತುಟಿ ಕಾಣದೆ ಮುಂದಿನ ಮಾತು ಲುವಾನಳಿಗೆ ತಪ್ಪಿತು. ಬಗ್ಗಿ, ಚಿಕ್ಕಂದಿನಲ್ಲಿ ಅನ್ನ ತಿನ್ನಿಸುವಾಗ ಹಿಡಿಯುತ್ತಿದ್ದಂತೆ ಗಲ್ಲ ಹಿಡಿದು ಅವಳ ಮುಖವನ್ನು ಮೇಲಕ್ಕೆತ್ತಿದಳು. "ಇನ್ನೊಂದ್ಸಲ ಹೇಳು."

"ನೀವು ಬಾಯಿ ಬಿಡದೇ ಇದ್ದಿದ್ರೆ," ಎಂದಳು ಹ್ವೇಪಿನ್, "ಏಪ್ರಿಲ್ ಒಂದಕ್ಕೆ ನಿಮ್ಮನ್ನ ಕೆಳಗೆ ಕಳಿಸ್ತಿದ್ದೆ. ಯೆನ್‌ಶೋಗೂ ಹೇಳಿಟ್ಟಿದ್ದೆ."

ಲುವಾನ್ ಗಲ್ಲ ಬಿಟ್ಟಳು. ಮೇಜಿನ ಮೇಲಿನ ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡಳು. ಸುಳ್ಳಿನಿಂದ ಬಿಡಿಸಿಕೊಳ್ಳಲು ಬಂದವಳು ತನ್ನ ನಾಲಿಗೆಯಿಂದಲೇ ತನ್ನ ಬಾಗಿಲು ಹಾಕಿಕೊಂಡಿದ್ದಳು. ಕಿವಿ ಹೋದದ್ದಕ್ಕೆ ಪರಿಹಾರ ಕೇಳೋಣವೆಂದರೆ 'ಶ್ರವಣ ಸಾಮಾನ್ಯ' ಎಂದು ಅವಳೇ ರುಜು ಹಾಕಿದ ಹನ್ನೊಂದು ಕಾಗದಗಳು ಆಫೀಸಿನ ಕಪಾಟಿನಲ್ಲಿದ್ದವು.

ಊಟದ ಬಿಡುವು ಮುಗಿದಿತ್ತು. ಮಹಡಿ ಹತ್ತಿ ಹೋಗಿ ಕೂತು ಹೆಡ್‌ಫೋನ್ ಹಾಕಿಕೊಂಡಳು. ಒತ್ತಿದ್ದು ಎಲ್ಲಿಗೂ ಹೋಗುವುದಿಲ್ಲವೆಂದು ಈಗ ಗೊತ್ತು. ಕಣ್ಣುಮುಚ್ಚಿ ಯಾವುದನ್ನು ಬೇಕಾದರೂ ಒತ್ತಬಹುದಿತ್ತು. ಆದರೂ ಮೊದಲ ತುಣುಕು ಬಂದಾಗ ಅವಳ ಬೆರಳು ಹಸಿರಿನ ಮೇಲೆ ತಡೆಯಿತು, ಕೆಂಪಿಗೆ ಹೋಯಿತು, ಮತ್ತೆ ಹಸಿರಿಗೆ ಬಂತು. ತಪ್ಪಾದೀತೆಂಬ ಭಯ ಮೊದಲಿನಷ್ಟೇ ಇತ್ತು.