ಅಪ್ಪನ ಹೆಸರು ತಪ್ಪಿದ ವಾರೆಂಟು

ಮಾನ್ವಿಯ ಹೆಂಗಸೊಬ್ಬಳು, ಮಗಳ ಜೀವನಾಂಶ ಕೊಡದ ಗಂಡನ ಮೇಲೆ ರಾಯಚೂರಿನ ಕೋರ್ಟಿನಿಂದ ವಾರೆಂಟು ತಂದಿದ್ದಳು. ಪೊಲೀಸ್ ಪೇದೆಯಾದ ನಾನು ತಾಯಿ ಮಗಳನ್ನು ಕರೆದುಕೊಂಡು ದೇವದುರ್ಗದಲ್ಲಿದ್ದ ಅವನ ಚಹಾದಂಗಡಿಗೆ ಹೋದೆ.

ಅವನು ವಾರೆಂಟನ್ನು ನಿಧಾನವಾಗಿ ಓದಿದ. “ಸಾಹೇಬ್ರ, ಇದರಾಗ ಹನುಮಂತನ ಮಗ ಅಂತ ಅದ. ನಮ್ಮಪ್ಪ ಹುಲಿಗೆಪ್ಪ” ಎಂದು ಆಧಾರ್ ಕಾರ್ಡು ತೋರಿಸಿದ. ಕೋರ್ಟಿನ ಕಚೇರಿಯಲ್ಲಿ ಯಾರೋ ತಪ್ಪು ಟೈಪು ಮಾಡಿದ್ದರು.

“ಇವನೇ ರೀ ನನ್ನ ಗಂಡ. ಕೂಸಿನ ಮಾರಿ ನೋಡ್ರಿ” ಎಂದಳು ಅವಳು.

“ಹೆಸರು ತಿದ್ದಿಸಿಕೊಂಡು ಬರ್ರಿ ಯವ್ವಾ” ಎಂದೆ.

“ಹ್ವಾದ ಸಲ ಊರು ತಪ್ಪಿತ್ತು, ತಿದ್ದಿಸಿದೆ. ಅಷ್ಟರಾಗ ವರ್ಷ ಕಳೀತ್ರಿ.” ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

ವಾರೆಂಟಿನ ಹಿಂಬದಿಗೆ, ಅಂಥ ವ್ಯಕ್ತಿ ಸಿಗಲಿಲ್ಲವೆಂದು ಅವನ ಬೆಂಚಿನ ಮೇಲೆಯೇ ಕೂತು ಬರೆದೆ. ಪೆನ್ನು ಕೂಡ ಅವನೇ ಕೊಟ್ಟ.