ಸುಖವಾಗಿದ್ದೇನೆ ಎಂದು ಬರೆಯದವರು

ಬಂಗಡೆಯ ಕಿವಿರು ತೆಗೆಯುತ್ತಿದ್ದಾಗ ಫೋನು ಬಂತು. ಕೈಯೆಲ್ಲ ರಕ್ತ, ಕಿರುಬೆರಳ ತುದಿಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ಮೈದುನನ ಮಗಳು. ಧಾರವಾಡದಲ್ಲೇ ಹುಟ್ಟಿ ಬೆಳೆದು ಅಲ್ಲೇ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಮನುಷ್ಯರ ಸ್ವಭಾವ ಅಳೆಯುವ ಹೊರದೇಶದ ಪ್ರಶ್ನೆಪತ್ರವೊಂದನ್ನು ಕನ್ನಡಕ್ಕೂ ಕೊಂಕಣಿಗೂ ತಂದು, ನಮ್ಮವರಿಗೆ ಅದು ಹೊಂದುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಕಾರವಾರದ ನಮ್ಮ ಓಣಿಯಲ್ಲೂ ಹಾರವಾಡದ ನನ್ನ ತವರಿನಲ್ಲೂ ಅವಳನ್ನು ಮನೆಮನೆಗೆ ಕರೆದೊಯ್ದವಳು ನಾನೇ. ಆಗ ಹಿಡಿದ ಮೊಣಕಾಲು ನೋವು ಇನ್ನೂ ಬಿಟ್ಟಿಲ್ಲ.

"ದೊಡ್ಡಮ್ಮಾ, ನಿಮ್ಮ ಕಡೆ ಹೆಣ್ಣಮಕ್ಕಳೆಲ್ಲ ಜೀವನಾನ ಬ್ಯಾಸರಾದವರು ಅಂತ ಬಂದದ" ಎಂದಳು. ಸಂತೋಷದ ಪ್ರಶ್ನೆಗಳಿಗೆಲ್ಲ 'ಅಲ್ಲ' ಎಂದೇ ಗುರುತಂತೆ. ಕಾರಣ ಹೇಳಲಾಗದಿದ್ದರೆ ಈ ಕಾಗದಗಳನ್ನೆಲ್ಲ ಕೈಬಿಡು ಎಂದರಂತೆ ಗೈಡ್. ವರ್ಷದ ಕೆಲಸ. ದನಿ ಸೋತುಹೋಗಿತ್ತು.

ನನ್ನ ಕಾಗದವೂ ಅದರಲ್ಲಿತ್ತು. 'ನಾನು ಹೆಚ್ಚಾಗಿ ಸುಖವಾಗಿರುತ್ತೇನೆ' ಎಂಬಲ್ಲಿ ನಾನೂ 'ಅಲ್ಲ' ಎಂದಿದ್ದೆ. ಆ ವಾರವೇ ಯಜಮಾನರು ಆಸ್ಪತ್ರೆಯಿಂದ ಬಂದು, ಗೋಡೆ ಹಿಡಿಯದೆ ಬಚ್ಚಲಿಗೆ ನಡೆದುಹೋಗಿದ್ದರು. ದೇವರು ಅಷ್ಟು ಕೊಟ್ಟಿದ್ದ. ಆದರೆ ಅದನ್ನು ಶಾಯಿಯಲ್ಲಿ ಬರೆದುಕೊಡಲು ಕೈ ಬರಲಿಲ್ಲ. ಹಾರವಾಡದಲ್ಲಿ ನಮ್ಮಣ್ಣನ ಹೆಂಡತಿ, ನನ್ನ ವಹಿನಿ, ಅವತ್ತೇ ನನ್ನ ಕಿವಿಯಲ್ಲಿ ಗೊಣಗಿದ್ದಳು: "ಸುಖ ಇದ್ದೆ ಅಂತ ಬರ್ದು ಕೊಡೂದಾ? ನಾಳೆ ಕಣ್ಣು ಬಿದ್ರೆ ಇವಳು ಬಂದು ದೃಷ್ಟಿ ತೆಗೀತಾಳ್ಯಾ?"

ಇದನ್ನೆಲ್ಲ ಹೇಳಿದೆ. ಸುಳ್ಳು ಬರೆದದ್ದಕ್ಕೆ ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ, ಪೆನ್ನು ಹುಡುಕುವ ಸದ್ದು ಕೇಳಿತು.

"ಹಂಗಾರ ನಿಮ್ಮ ವಹಿನಿ ಖರೇನ ಹೆಂಗದಾರ?"

"ಅವಳಿಗೆಂತ ಆಗದೆ? ಮೀನು ಒಣಗಿಸ್ತಾನೂ ಹಾಡ್ತಾಳೆ."

"ನಿಮ್ಮ ಬಗ್ಗೆ ಅವರನ್ನ ಕೇಳಿದ್ರ ಏನಂತಾರ?"

"ಗಂಡ ಎದ್ದು ಓಡಾಡಿದ್ಮೇಲೆ ಇವಳನ್ನ ಹಿಡಿಯೂಕಾಗೂದಿಲ್ಲ ಅಂತಾಳೆ."

ಅವಳು ನಕ್ಕಳು, ಬಹಳ ದಿನಗಳ ಮೇಲೆ. ಇನ್ನು ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳಿ, ಅದನ್ನು ಅವರವರೇ ಬರೆದುಕೊಟ್ಟದ್ದರ ಪಕ್ಕ ಇಟ್ಟು ತೋರಿಸುತ್ತಾಳಂತೆ. ಗೈಡ್ ಒಪ್ಪುತ್ತಾರೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಅವೇ ಮನೆಗಳು, ಅವೇ ಮೆಟ್ಟಿಲುಗಳು, ಮತ್ತೊಮ್ಮೆ. ನನ್ನಿಂದಾಗದು ಎನ್ನಬೇಕೆಂದಿದ್ದೆ. "ಆಯ್ತವಾರ ಬಾ, ಬಸ್ ಸ್ಟ್ಯಾಂಡಿಗೆ ಬರ್ತೆ" ಎಂದುಬಿಟ್ಟೆ.

ತಿರುಗಿ ನೋಡಿದರೆ ಬೆಕ್ಕು ತಾಟಿನ ಪಕ್ಕದಲ್ಲೇ ಕೂತಿತ್ತು. ಒಂದು ಬಂಗಡೆಯನ್ನೂ ಮುಟ್ಟಿರಲಿಲ್ಲ. ಇವತ್ತಿಗೆ ದೇವರ ದಯೆ ಅಷ್ಟು ಸಾಕು. ಉಳಿದೆರಡರ ಕಿವಿರೂ ತೆಗೆದು, ಕೈ ತೊಳೆದು, ಕಾಯಿ ತುರಿಯಲು ಕೂತೆ.