ದರ್ಶನಕ್ಕೆ ಮೊದಲು ಬಂದ ಇಡ್ಲಿ

ನನ್ನ ಹೊಸ ಟೂರ್ ವ್ಯವಹಾರದ ಮೊದಲ ಗಾಡಿ ಇಂದು ಅಮಾವಾಸ್ಯೆಯ ಬೆಳಿಗ್ಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಹನ್ನೊಂದು ಜನರನ್ನು ಹತ್ತಿಸಿಕೊಂಡು ಹೊಳೆದಂಡೆಯ ಉಕ್ಕಡಗಾತ್ರಿಯಲ್ಲಿರುವ ಅಜ್ಜಯ್ಯನ ಗದ್ದುಗೆಯ ದರ್ಶನಕ್ಕೆ ಹೊರಟಿತು. ಎಲ್ಲರ ಕೈಗೂ ನಾನು ಕೊಟ್ಟಿದ್ದ ಅಚ್ಚಿನ ಚೀಟಿಯಲ್ಲಿ 'ಎಂಟು ಗಂಟೆಗೆ ಹರಿಹರದಲ್ಲಿ ತಿಂಡಿ' ಎಂದಿತ್ತು. ಸರಿಯಾಗಿ ಎಂಟಕ್ಕೆ ಹೋಟೆಲಿನ ಮುಂದೆ ಗಾಡಿ ನಿಂತಾಗ ನನಗೆ ನನ್ನ ಮೇಲೆಯೇ ಹೆಮ್ಮೆಯಾಯಿತು. ಹಸಿವು ಬೇರೆ. ಎರಡು ಇಡ್ಲಿ ಮುಗಿಸಿ ತಲೆ ಎತ್ತಿದರೆ, ಬೇರೆ ಯಾರೂ ತಟ್ಟೆಗೆ ಕೈ ಹಚ್ಚಿರಲಿಲ್ಲ.

"ಯಾಕ್ರಿ, ಚೆನ್ನಾಗಿಲ್ವಾ?" ಎಂದೆ.

ಎದುರಿಗೆ ಕೂತಿದ್ದ ಗಂಗಮ್ಮಜ್ಜಿ ಮೆಲ್ಲಗೆ ಹೇಳಿದರು: "ಚೆನ್ನಾಗೇ ಐತವ್ವ. ಅಜ್ಜಯ್ಯನ್ನ ನೋಡೋ ತನಕ ನಾವು ಬಾಯಿಗೆ ಏನೂ ಹಾಕಲ್ಲ. ಪ್ರೀತಿಯಿಂದ ಕೂಡ್ಸಿ ತಿಂಡಿ ಹಾಕ್ಸಿದೀಯ, ಬ್ಯಾಡ ಅನ್ನಾಕೆ ಮನಸಾಗ್ಲಿಲ್ಲ."

ನಾನು ನನ್ನ ಖಾಲಿ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಹೋಟೆಲಿನ ಯಜಮಾನರು ಮಾತ್ರ ಏನೊಂದೂ ಕೇಳದೆ ತಟ್ಟೆಗಳನ್ನು ಒಳಗೊಯ್ದು, ಬಾಳೆಲೆಯಲ್ಲಿ ಹನ್ನೊಂದು ಪೊಟ್ಟಣ ಕಟ್ಟಿ ತಂದರು.

"ಚಟ್ನಿ ಬ್ಯಾರೆ ಕಟ್ಟೀನ್ರಿ. ಆರಾಮಾಗಿ ಹೋಗ್ಬರ್ರಿ."

ಈಗ ದರ್ಶನ ಮುಗಿದಿದೆ. ಹೊಳೆಯ ಮೆಟ್ಟಿಲ ಮೇಲೆ ಎಲ್ಲರೂ ತಣ್ಣಗಾದ ಇಡ್ಲಿಯನ್ನು ಹೊಗಳಿ ಹೊಗಳಿ ತಿನ್ನುತ್ತಿದ್ದಾರೆ. ನಾನು ಇದನ್ನು ಬರೆಯುತ್ತಿದ್ದ ಪೆನ್ನನ್ನು ಗಂಗಮ್ಮಜ್ಜಿ ಕೇಳಿ ಇಸಿದುಕೊಂಡರು. ತಮ್ಮ ಚೀಟಿಯಲ್ಲಿ ತಿಂಡಿಯ ಸಾಲನ್ನು ಹೊಡೆದುಹಾಕಿ, ದರ್ಶನದ ಸಾಲಿನ ಕೆಳಗೆ ಅದನ್ನೇ ದಪ್ಪಕ್ಷರದಲ್ಲಿ ಬರೆದು ನನಗೇ ಕೊಟ್ಟರು.

"ಮುಂದಿನ ಅಮಾಸೆಗೆ ಹಿಂಗೆ ಅಚ್ಚು ಹಾಕ್ಸು. ನಮ್ಮ ಬೀಗತಿಗೂ ಒಂದು ಸೀಟು ಇಡು."